ಫೈಲ್ ಕಣ್ಣೆದುರಿಗೇ ಇದೆ, ಲಿನಕ್ಸ್ ಮಾತ್ರ ‘ಇಲ್ಲ’ ಅನ್ನುತ್ತದೆ: ಉಬುಂಟುವಿನಲ್ಲಿ ಮಾಡೆಲ್‌ಸಿಮ್

[ಸ್ಕ್ರೀನ್: ಟರ್ಮಿನಲ್. ಎಲ್‌ಎಸ್ ಕೊಟ್ಟರೆ ಮಾಡೆಲ್‌ಸಿಮ್‌ನ ‘ವಿಸಿಮ್’ ಫೈಲ್ ಕಾಣುತ್ತದೆ. ಅದನ್ನೇ ರನ್ ಮಾಡಿದರೆ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’.]

ನೋಡಿ, ಫೈಲ್ ಇದೆ. ಹೆಸರು ಸರಿ, ಪರ್ಮಿಷನ್ ಸರಿ. ರನ್ ಮಾಡಿದರೆ ಅಂಥ ಫೈಲೇ ಇಲ್ಲವಂತೆ! ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ. ಇಲ್ಲಿಗೆ ಬಂದು ನಿಂತವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಎಲ್ಲಾ ಅಳಿಸಿ, ಮತ್ತೆ ಡೌನ್‌ಲೋಡ್, ಮತ್ತೆ ಇನ್‌ಸ್ಟಾಲ್. ಹಾಸ್ಟೆಲ್ ವೈಫೈಯಲ್ಲಿ ಒಂದು ರಾತ್ರಿ ಹೋಯಿತು. ಎದ್ದು ನೋಡಿದರೆ ಅದೇ ಸಾಲು.

ನಮಸ್ಕಾರ. ಮಾಡೆಲ್‌ಸಿಮ್ ಎಂದರೆ ವೆರಿಲಾಗ್ (ಸರ್ಕ್ಯೂಟನ್ನು ವಿವರಿಸುವ ಭಾಷೆ, ಅಂದರೆ ಎಚ್‌ಡಿಎಲ್) ಕೋಡ್ ಬರೆದು ಅದರ ವೇವ್‌ಫಾರ್ಮ್ ನೋಡುವ ಸಿಮ್ಯುಲೇಟರ್. ಎಚ್‌ಡಿಎಲ್ ಲ್ಯಾಬ್ ಮಾಡಿದ ವಿಟಿಯು ಹುಡುಗ-ಹುಡುಗಿಯರಿಗೆ ಹೊಸದಾಗಿ ಹೇಳಬೇಕಿಲ್ಲ, ಅಲ್ವಾ? ನಾನು ತೋರಿಸುತ್ತಿರುವುದು ಚಿಪ್ ವಿನ್ಯಾಸದ ಸಾಫ್ಟ್‌ವೇರ್ ಕ್ವಾರ್ಟಸ್ ಪ್ರೈಮ್ ಲೈಟ್ 20.1 ಜೊತೆ ಬರುವ ಉಚಿತ ಸ್ಟಾರ್ಟರ್ ಎಡಿಷನ್. ಮೊದಲೇ ಒಂದು ಮಾತು: ಮತ್ತೆ ಇನ್‌ಸ್ಟಾಲ್ ಮಾಡಬೇಡಿ. ‘ಇಲ್ಲ’ ಅಂದಾಗ, ‘ಯಾವುದು ಇಲ್ಲ?’ ಎಂದು ಕೇಳಿ.

ಕೆಲವರಿಗೆ ಇದಕ್ಕೂ ಮೊದಲೇ ಬೇರೆ ಎರರ್ ಬರುತ್ತದೆ. ‘ಲಿನಕ್ಸ್ ಆರ್‌ಎಚ್60’ ಎಂಬ ಫೋಲ್ಡರಿನಲ್ಲಿ ವಿಸಿಮ್ ಸಿಗಲಿಲ್ಲ ಅನ್ನುತ್ತದೆ. ಆ ಫೋಲ್ಡರ್ ನಾವು ಮಾಡಿದ್ದಲ್ಲ, ಎಲ್ಲಿಂದ ಬಂತು? ‘ಬಿನ್’ ಒಳಗಿರುವ ವಿಸಿಮ್ ನಿಜವಾದ ಪ್ರೋಗ್ರಾಂ ಅಲ್ಲ. ಅದು ‘ವಿಸಿಓ’ ಎಂಬ ಸ್ಕ್ರಿಪ್ಟಿಗೆ ಹಾಕಿದ ಲಿಂಕ್. ವಿಸಿಓ ಫೈಲನ್ನು ಯಾವುದಾದರೂ ಎಡಿಟರಿನಲ್ಲಿ ತೆರೆಯಿರಿ.

[ಸ್ಕ್ರೀನ್: ವಿಸಿಓ ಫೈಲ್, ಕರ್ನಲ್ ನಂಬರ್‌ಗಳ ಪಟ್ಟಿ]

ಇಲ್ಲಿ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಅದರ ನಂಬರ್‌ಗಳ ಸಣ್ಣ ಪಟ್ಟಿ ಇದೆ. 2.4 ಆದರೆ ‘ಲಿನಕ್ಸ್’ ಫೋಲ್ಡರ್. 3ರಿಂದ ಶುರುವಾದರೂ ‘ಲಿನಕ್ಸ್’ ಫೋಲ್ಡರ್. ಪಟ್ಟಿ ಅಲ್ಲಿಗೇ ಮುಗಿಯಿತು. ಕೊನೆಯ ಸಾಲಿನಲ್ಲಿ ನಕ್ಷತ್ರ ಚಿಹ್ನೆ, ಅಂದರೆ ಬೇರೆ ಏನೇ ಇದ್ದರೂ ಆರ್‌ಎಚ್60. ಕರ್ನಲ್ 4.0 ಬಂದದ್ದು 2015ರ ಏಪ್ರಿಲ್‌ನಲ್ಲಿ. ಈ ಪಟ್ಟಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ! ಹೊಸ ಕರ್ನಲ್ ಕಂಡರೆ ಹಳೇ ಮಾಲು ಅಂದುಕೊಂಡು, ಇಲ್ಲದ ಫೋಲ್ಡರಿಗೆ ಕಳಿಸುತ್ತದೆ. ಆ ಕೊನೆಯ ಸಾಲಿನಲ್ಲಿ ಆರ್‌ಎಚ್60 ಅಳಿಸಿ ಬರೀ ‘ಲಿನಕ್ಸ್’ ಎಂದು ಬರೆಯಿರಿ. ಫೈಲ್ ಸೇವ್ ಆಗದಿದ್ದರೆ ಬರೆಯುವ ಪರ್ಮಿಷನ್‌ಗಾಗಿ ಮೊದಲು ‘ಸಿಎಚ್‌ಮಾಡ್ ಯು ಪ್ಲಸ್ ಡಬ್ಲ್ಯು’ ಕೊಡಿ.

ಈಗ ಮೊದಲು ತೋರಿಸಿದ ಎರರ್. ಇದು ಸ್ವಾರಸ್ಯದ್ದು. ‘ಲಿನಕ್ಸ್’ ಫೋಲ್ಡರಿನ ಒಳಗಿರುವ ವಿಸಿಮ್ ಮೇಲೆ ‘ಫೈಲ್’ ಎಂಬ ಕಮಾಂಡ್ ಓಡಿಸಿ.

[ಸ್ಕ್ರೀನ್: ‘32 ಬಿಟ್’ ಮತ್ತು ‘ಇಂಟರ್‌ಪ್ರಿಟರ್’ ಪದಗಳಿಗೆ ಹಳದಿ ಗುರುತು]

32 ಬಿಟ್ ಪ್ರೋಗ್ರಾಂ ಇದು. ಪಕ್ಕದಲ್ಲಿ ಇಂಟರ್‌ಪ್ರಿಟರ್ ಅಂತ ಒಂದು ದಾರಿ ಇದೆ ನೋಡಿ, ಅದೇ 32 ಬಿಟ್ ಲೋಡರ್. ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಗಳನ್ನು ಮೆಮೊರಿಗೆ ತಂದು ಕೂರಿಸಿ, ಅದನ್ನು ಓಡಲು ಬಿಡುವುದು ಲೋಡರ್ ಕೆಲಸ. ನಿಮ್ಮ ಉಬುಂಟು 64 ಬಿಟ್, ಅದರಲ್ಲಿ ಈ ಲೋಡರ್ ಮೊದಲಿಂದ ಇರುವುದಿಲ್ಲ. ಮಂಟಪ ಇದೆ, ಗಂಡು-ಹೆಣ್ಣು ಬಂದಿದ್ದಾರೆ, ಪುರೋಹಿತರಿಲ್ಲ. ಅದನ್ನು ಹೇಳುವುದು ಬಿಟ್ಟು ಶೆಲ್ ‘ಮದುವೆಯೇ ಇಲ್ಲ’ ಅನ್ನುತ್ತಿದೆ, ಅಷ್ಟೇ.

ಪುರೋಹಿತರನ್ನು ಕರೆಸೋಣ. ಕಮಾಂಡಿನ ಮುಂದೆ ‘ಸುಡೋ’ ಹಾಕಿದರೆ ಅದು ಅಡ್ಮಿನ್ ಅಧಿಕಾರದಲ್ಲಿ ಓಡುತ್ತದೆ. ಸುಡೋ ಡಿಪಿಕೆಜಿ, ಎರಡು ಡ್ಯಾಶ್, ಆಡ್ ಡ್ಯಾಶ್ ಆರ್ಕಿಟೆಕ್ಚರ್, ಐ386. ಆಮೇಲೆ ಸುಡೋ ಆಪ್ಟ್ ಅಪ್‌ಡೇಟ್. ಇದನ್ನು ಮರೆತರೆ ಮುಂದಿನದು ಸಿಗುವುದಿಲ್ಲ. ನಂತರ ಸುಡೋ ಆಪ್ಟ್ ಇನ್‌ಸ್ಟಾಲ್, ಲಿಬ್‌ಸಿ6 ಕೋಲನ್ ಐ386. 2019ರ ಜೂನ್‌ನಲ್ಲಿ ಉಬುಂಟುವಿನವರು 32 ಬಿಟ್ ಪ್ಯಾಕೇಜ್‌ಗಳನ್ನು ಪೂರ್ತಿ ಕೈಬಿಡುತ್ತೇವೆ ಎಂದಿದ್ದರು. ಗೇಮ್ ಆಡುವವರು ಗಲಾಟೆ ಎಬ್ಬಿಸಿದ ಮೇಲೆ ಆಯ್ದ ಕೆಲವನ್ನು ಉಳಿಸಿಕೊಂಡರು. ಆ ಪುಣ್ಯ ನಮ್ಮ ಲ್ಯಾಬಿಗೂ ಬಂತು.

ಮತ್ತೆ ರನ್ ಮಾಡಿ. ಇನ್ನೂ ಬೈಯುತ್ತದೆ, ಆದರೆ ಈ ಸಲ ಹೆಸರು ಹಿಡಿದು: ಇಂಥ ಲೈಬ್ರರಿ ಇಲ್ಲ. ಒಂದೊಂದಾಗಿ ಬೈಸಿಕೊಳ್ಳುವುದಕ್ಕಿಂತ, ಬೇಕಾದ ಲೈಬ್ರರಿಗಳ ಪಟ್ಟಿ ಕೊಡುವ ‘ಎಲ್‌ಡಿಡಿ’ ಓಡಿಸಿ, ‘ನಾಟ್ ಫೌಂಡ್’ ಸಾಲುಗಳನ್ನು ನೋಡಿ. ಲೋಡರ್ ಹಾಕುವ ಮೊದಲು ಎಲ್‌ಡಿಡಿ ಕೂಡ ಕೈಕೊಡುತ್ತದೆ, ಅದಕ್ಕೇ ಇದು ಎರಡನೆಯ ಹೆಜ್ಜೆ. ಸಾಮಾನ್ಯವಾಗಿ ಬೇಕಾಗುವುದು ಲಿಬ್‌ಎಕ್ಸ್‌ಎಫ್‌ಟಿ2, ಲಿಬ್‌ಎಕ್ಸ್‌ಎಕ್ಸ್‌ಟಿ6, ಲಿಬ್‌ಎನ್‌ಕರ್ಸಸ್5. ಎಲ್ಲದರ ಕೊನೆಗೂ ಕೋಲನ್ ಐ386 ಹಾಕಿ. ಉಬುಂಟು 24.04ರಲ್ಲಿ ಎನ್‌ಕರ್ಸಸ್5 ತೆಗೆದುಹಾಕಿದ್ದಾರೆ. 22.04ರಲ್ಲಿ ಸುಲಭವಾಗಿ ಸಿಗುತ್ತದೆ. ಲ್ಯಾಬ್ ಕೆಲಸಕ್ಕೆ ಒಂದು ಮಷಿನ್ 22.04ರಲ್ಲೇ ಇದ್ದರೆ ತಲೆನೋವು ಕಡಿಮೆ.

ಯಾವುದೋ ಸೈಟಿನಿಂದ ಲೈಬ್ರರಿ ಫೈಲ್ ತಂದು ಸಿಸ್ಟಮ್ ಫೋಲ್ಡರಿಗೆ ಸುರಿಯಬೇಡಿ. ನಾನು ಸುರಿದಿದ್ದೆ. ಮರುದಿನ ಲ್ಯಾಪ್‌ಟಾಪ್ ಲಾಗಿನ್ ಪರದೆ ದಾಟಲಿಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ನನ್ನ ಫೋಲ್ಡರ್ ಉಳಿಸಿಕೊಂಡೆ, ಉಳಿದದ್ದೆಲ್ಲ ಹೊಸದಾಗಿ ಹಾಕಿದೆ.

[ಸ್ಕ್ರೀನ್: ಮಾಡೆಲ್‌ಸಿಮ್ ಕಿಟಕಿ ತೆರೆದುಕೊಳ್ಳುತ್ತದೆ]

ಬಂತು. ಕ್ವಾರ್ಟಸ್ 21.1ರಿಂದ ಮಾಡೆಲ್‌ಸಿಮ್ ಜಾಗಕ್ಕೆ ಕ್ವೆಸ್ಟಾ ಎಂಬ ಸಿಮ್ಯುಲೇಟರ್ ಬಂದಿದೆ. ಅದು 64 ಬಿಟ್, ಈ ಗೋಳು ಇಲ್ಲ. ಆದರೆ ಉಚಿತ ಎಡಿಷನ್‌ಗೂ ಲೈಸೆನ್ಸ್ ಫೈಲ್ ಬೇಕು.

ಇನ್ನು ಬೋರ್ಡ್, ಅಂದರೆ ನಮ್ಮ ಕೋಡನ್ನು ನಿಜವಾದ ಚಿಪ್ ಮೇಲೆ ಓಡಿಸಿ ನೋಡುವ ಡಿಇ10 ಲೈಟ್. ಅದನ್ನು ಯುಎಸ್‌ಬಿಗೆ ಚುಚ್ಚಿ, ಬೋರ್ಡ್ ಸಿಕ್ಕಿತೇ ಎಂದು ನೋಡುವ ‘ಜೆಟ್ಯಾಗ್‌ಕಾನ್ಫಿಗ್’ ಕೊಟ್ಟರೆ ‘ಇನ್‌ಸಫಿಷಿಯಂಟ್ ಪೋರ್ಟ್ ಪರ್ಮಿಷನ್ಸ್’ ಬರುತ್ತದೆ. ಇಲ್ಲಿ ಕ್ವಾರ್ಟಸನ್ನೇ ಸುಡೋ ಹಾಕಿ ಓಡಿಸುವವರು ಜಾಸ್ತಿ. ಹಾಗೆ ಮಾಡಿದರೆ ಪ್ರಾಜೆಕ್ಟಿನ ಫೈಲ್‌ಗಳು ರೂಟ್, ಅಂದರೆ ಅಡ್ಮಿನ್ ಪಾಲಾಗುತ್ತವೆ, ನಾಳೆ ನಿಮ್ಮದೇ ಕೋಡ್ ಸೇವ್ ಆಗುವುದಿಲ್ಲ. ಅದರ ಬದಲು, ಚುಚ್ಚಿದ ಸಾಧನಗಳ ಪರ್ಮಿಷನ್ ನೋಡಿಕೊಳ್ಳುವ ಯುಡೆವ್‌ನ ರೂಲ್ಸ್ ಫೋಲ್ಡರಿನಲ್ಲಿ ಒಂದು ಸಾಲಿನ ಫೈಲ್ ಇಡಿ: ವೆಂಡರ್ 09ಎಫ್‌ಬಿ, ಪ್ರಾಡಕ್ಟ್ 6001, ಮೋಡ್ 0666. ಪೂರ್ತಿ ಸಾಲು ಸ್ಕ್ರೀನ್ ಮೇಲಿದೆ, ವಿಡಿಯೋ ನಿಲ್ಲಿಸಿ ಬರೆದುಕೊಳ್ಳಿ. ಯುಡೆವ್ ರೂಲ್ಸ್ ರೀಲೋಡ್ ಮಾಡಿ, ಕೇಬಲ್ ಕಿತ್ತು ಮತ್ತೆ ಚುಚ್ಚಿ. ಸುಡೋ ಇಲ್ಲದೆ ಜೆಟ್ಯಾಗ್‌ಕಾನ್ಫಿಗ್ ಕೊಡಿ.

[ಸ್ಕ್ರೀನ್: ಮೊದಲ ಸಾಲಿನಲ್ಲಿ ಯುಎಸ್‌ಬಿ ಬ್ಲಾಸ್ಟರ್, ಕೆಳಗೆ ಚಿಪ್‌ನ ಹೆಸರು, 10ಎಂ50]