ನಮ್ಮದೇ ದುಡ್ಡು ವಾಪಸ್ ಕೇಳೋಕೆ ಯಾಕಿಷ್ಟು ಕಷ್ಟ?

ಹಳೇ ವರ್ಷದ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕೋದು ಬಿಟ್ಟುಹೋಗಿದೆ, ಈಗ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಮೊದಲು ಒಂದು ವಿಷಯ ನೋಡಿಕೊಳ್ಳಿ. ಬಾಕಿ ಕೊಡಬೇಕಾದವರು ಯಾರು? ನೀವಾ, ಸರ್ಕಾರನಾ?

ನೀವು ಕೊಡಬೇಕಾದರೆ ದಾರಿ ಸಲೀಸು. ಅಪ್‌ಡೇಟೆಡ್ ರಿಟರ್ನ್, ಅಂದರೆ ಐಟಿಆರ್-ಯು, 2022ರ ಬಜೆಟ್‌ನಲ್ಲಿ ಬಂತು. ಆಗ ಅಸೆಸ್‌ಮೆಂಟ್ ವರ್ಷ, ಅಂದರೆ ಆದಾಯ ಬಂದ ವರ್ಷದ ಮುಂದಿನ ಹಣಕಾಸು ವರ್ಷ, ಮುಗಿದ ಮೇಲೆ 2 ವರ್ಷ ಟೈಮ್ ಇತ್ತು, 2025ರಲ್ಲಿ ಅದನ್ನ 4 ವರ್ಷ ಮಾಡಿದರು. ತಡ ಮಾಡಿದಷ್ಟೂ ಹೊರೆ ಜಾಸ್ತಿ. ತೆರಿಗೆ, ಬಡ್ಡಿ ಸೇರಿ 20,000 ರೂಪಾಯಿ ಬಾಕಿ ಅಂತ ಇಟ್ಕೊಳ್ಳಿ, ಮೊದಲ ವರ್ಷದಲ್ಲೇ ಕಟ್ಟಿದರೆ ಮೇಲೆ 25%, ಅಂದರೆ 5,000, ನಾಲ್ಕನೇ ವರ್ಷಕ್ಕೆ ಹೋದರೆ 70%, ಅಂದರೆ 14,000. ಇದಕ್ಕೆ ನನ್ನ ತಕರಾರಿಲ್ಲ, ತೆರಿಗೆ ಕಟ್ಟಬೇಕು.

ನನಗೆ ಸಿಟ್ಟು ಬರೋದು ಇನ್ನೊಂದು ಕಡೆ. ಗಂಡ ತೀರಿಕೊಂಡ ಮೇಲೆ ಬಂದ ದುಡ್ಡನ್ನ ಎಫ್‌ಡಿ ಇಟ್ಟ ಒಬ್ಬ ಹೆಂಗಸನ್ನ ನೆನೆಸಿಕೊಳ್ಳಿ. 2022-23ರಲ್ಲಿ 90,000 ಬಡ್ಡಿ ಬಂತು, ಬೇರೆ ಆದಾಯ ಇಲ್ಲ. ಆದಾಯ ತೆರಿಗೆ ಮಿತಿಯೊಳಗಿದೆ, ತೆರಿಗೆ ಹಿಡಿಯಬೇಡಿ ಅಂತ ಬ್ಯಾಂಕಿಗೆ 15ಜಿ ಫಾರಂ ಕೊಡಬೇಕಿತ್ತು ಅಂತ ಯಾರೂ ಹೇಳಲಿಲ್ಲ, ಬ್ಯಾಂಕು 10% ಲೆಕ್ಕದಲ್ಲಿ 9,000 ಟಿಡಿಎಸ್, ಅಂದರೆ ಮೊದಲೇ ಮುರಿದುಕೊಳ್ಳೋ ತೆರಿಗೆ, ಹಿಡಿಯಿತು. ಆಕೆ ಕಟ್ಟಬೇಕಾದ ತೆರಿಗೆ ಸೊನ್ನೆ. ಆ 9,000 ಪೂರ್ತಿ ಆಕೆಯದ್ದೇ. ಆದರೆ 2023ರ ಡಿಸೆಂಬರ್ 31ರೊಳಗೆ ರಿಟರ್ನ್ ಹಾಕಲಿಲ್ಲ ಅಂದರೆ ಮುಗೀತು, ಯಾಕಂದರೆ ಐಟಿಆರ್-ಯುನಲ್ಲಿ ರಿಫಂಡ್ ಕೇಳೋ ಹಾಗೇ ಇಲ್ಲ!

ಸರ್ಕಾರಕ್ಕೆ ಬರಬೇಕಾದ ದುಡ್ಡಿಗೆ 4 ವರ್ಷ ಬಾಗಿಲು ತೆರೆದಿರುತ್ತೆ, ಆಕೆಗೆ ಬರಬೇಕಾದ ದುಡ್ಡಿಗೆ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಒಂಬತ್ತೇ ತಿಂಗಳು. ಇದು ಯಾವ ನ್ಯಾಯ? ಇಲಾಖೆಗೆ ಗೊತ್ತಿಲ್ಲ ಅನ್ನೋ ಹಾಗೂ ಇಲ್ಲ, ಯಾರ ಹೆಸರಲ್ಲಿ ಎಷ್ಟು ತೆರಿಗೆ ಹಿಡಿದಿದೆ ಅಂತ ತೋರಿಸೋ ಅವರದೇ 26ಎಎಸ್ ಪಟ್ಟಿಯಲ್ಲಿ ಆಕೆಯ ಪ್ಯಾನ್ ನಂಬರಿನ ಕೆಳಗೆ ಆ 9,000 ಬರೆದಿದೆ. ಇಂಥ ಸಣ್ಣ ರಿಫಂಡ್‌ಗಳಿಗೂ ಅದೇ 4 ವರ್ಷ ಕೊಡಿ, ಬೇಕಿದ್ದರೆ ಲೇಟ್ ಫೀ ಹಿಡಿದುಕೊಳ್ಳಿ. ವಯಸ್ಸಾದವರು, ಕಾಂಟ್ರಾಕ್ಟ್ ಮೇಲೆ ದುಡಿಯೋರು, ಆಡಿಟರ್‌ಗೆ ಫೀಸ್ ಕೊಡೋಕಾಗದವರು ಸುಮ್ನೆ ಕಳೆದುಕೊಳ್ಳುತ್ತಿರೋ ದುಡ್ಡು ಇದು.

ಹಾಗಂತ ಕೈಚೆಲ್ಲಿ ಕೂರಬೇಡಿ. ವಿಳಂಬ ಮನ್ನಿಸಿ ಅಂತ ಅರ್ಜಿ ಹಾಕಬಹುದು, ಕಂಡೋನೇಶನ್ ರಿಕ್ವೆಸ್ಟ್ ಅಂತಾರೆ. ನೇರ ತೆರಿಗೆ ಮಂಡಳಿಯ 2024ರ ಅಕ್ಟೋಬರ್ ಸುತ್ತೋಲೆ ಪ್ರಕಾರ ಅಸೆಸ್‌ಮೆಂಟ್ ವರ್ಷ ಮುಗಿದು 5 ವರ್ಷದವರೆಗೆ ಅವಕಾಶ ಇದೆ, ಈಕೆಯ ಲೆಕ್ಕದಲ್ಲಿ 2029ರ ಮಾರ್ಚ್ 31. ಆದಷ್ಟೂ 6 ತಿಂಗಳಲ್ಲಿ ತೀರ್ಮಾನ ಮಾಡಬೇಕು ಅಂತಲೂ ಅದರಲ್ಲಿದೆ. ತಡವಾದ ಆ ರಿಫಂಡ್‌ಗೆ ಬಡ್ಡಿ ಮಾತ್ರ ಕೊಡಲ್ಲ. ನಾವು ತಡ ಮಾಡಿದರೆ ತಿಂಗಳಿಗೆ 1% ಬಡ್ಡಿ ಹಾಕ್ತಾರೆ, ಅಲ್ವಾ?

ಇ-ಫೈಲಿಂಗ್ ಪೋರ್ಟಲ್‌ಗೆ ಲಾಗಿನ್ ಆಗಿ, ಸರ್ವಿಸಸ್ ಅನ್ನೋದರ ಕೆಳಗೆ ಈ ಅರ್ಜಿ ಸಿಗುತ್ತೆ. ಯಾಕೆ ತಡ ಆಯ್ತು ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. ಆಸ್ಪತ್ರೆ ಕಾಗದ, ಮರಣ ಪ್ರಮಾಣಪತ್ರ ಏನಿದೆಯೋ ಲಗತ್ತಿಸಿ, ಕಾರಣಕ್ಕೆ ಆಧಾರ ಇಲ್ಲದ ಅರ್ಜಿ ನಿಲ್ಲೋದು ಕಷ್ಟ. ಒಪ್ಪಿಗೆ ಸಿಕ್ಕ ಮೇಲೆ ರಿಟರ್ನ್ ಹಾಕಿ, 30 ದಿನದೊಳಗೆ ಇ-ವೆರಿಫೈ ಮಾಡಿ, ಅಂದರೆ ರಿಟರ್ನ್ ನಿಮ್ಮದೇ ಅಂತ ಆನ್‌ಲೈನ್‌ನಲ್ಲಿ ದೃಢಪಡಿಸಿ.