ಇವತ್ತು ಯಾರಿಗೆ ಫೋನ್ ಮಾಡಬೇಕು?

ಕೇಳುಗರಿಗೆ ನಮಸ್ಕಾರ.

ತುಮಕೂರಿನಲ್ಲಿ ನೀರಿನ ಫಿಲ್ಟರ್ ಅಂಗಡಿ ತೆರೆದ ಹೊಸದರಲ್ಲಿ ನನ್ನ ಗಿರಾಕಿಗಳೆಲ್ಲ ಒಂದು ಉದ್ದ ನೋಟ್‌ಬುಕ್ಕಿನಲ್ಲಿದ್ದರು. ಮೊಬೈಲಿನಲ್ಲಿ ‘ಮೇಷ್ಟ್ರು ಫಿಲ್ಟರ್’, ‘ಮೇಷ್ಟ್ರು ಕ್ಯಾತ್ಸಂದ್ರ’, ‘ಮೇಷ್ಟ್ರು ಬಾಕಿ’ ಅಂತ ಮೂರು ನಂಬರು. ಆರು ತಿಂಗಳಿಗೊಮ್ಮೆ ಕ್ಯಾಂಡಲ್, ಅಂದರೆ ಫಿಲ್ಟರಿನೊಳಗೆ ನೀರು ಸೋಸುವ ಭಾಗ, ಬದಲಿಸಬೇಕಾದ ಮನೆಯನ್ನು ನಾನು ಮರೆತರೆ, ಇನ್ನೊಬ್ಬ ಅಂಗಡಿಯವ ಹೋಗಿ ಬದಲಿಸಿ ಬಂದಿರುತ್ತಿದ್ದ.

ಇದಕ್ಕೆ ಸಿಆರ್‌ಎಂ ಅಂತ, ಗಿರಾಕಿಗಳ ವಿವರವನ್ನೆಲ್ಲ ಒಂದೇ ಕಡೆ ಇಡುವ ಸಾಫ್ಟ್‌ವೇರ್ ಇದೆ ಅಂದರು. ಮಾರಲು ಬಂದವರು ಲ್ಯಾಪ್‌ಟಾಪ್ ತೆಗೆದು ಬಣ್ಣಬಣ್ಣದ ಗ್ರಾಫ್ ತೋರಿಸಿದರು. ಮರುಳಾಗಿ ವರ್ಷದ ದುಡ್ಡು ಒಟ್ಟಿಗೇ ಕಟ್ಟಿದೆ. ಒಬ್ಬ ಗಿರಾಕಿಯನ್ನು ಸೇರಿಸಬೇಕಾದರೆ ಇಪ್ಪತ್ತು ಖಾನೆ ತುಂಬಬೇಕು. ಅದರಲ್ಲೊಂದು, ‘ಕಂಪನಿಯ ವಾರ್ಷಿಕ ಆದಾಯ’! ಮೇಷ್ಟ್ರ ಮನೆಗೆ ಏನಂತ ಬರೆಯೋದು? ಸಿಂಕಿನ ಕೆಳಗಿಂದ ಒದ್ದೆ ಕೈಯಲ್ಲಿ ಎದ್ದ ನಮ್ಮ ಸರ್ವಿಸ್ ಹುಡುಗ ಇದನ್ನೆಲ್ಲ ತುಂಬುತ್ತಾನೆಯೇ? ಎರಡನೇ ತಿಂಗಳಿಗೆ ಮತ್ತೆ ನೋಟ್‌ಬುಕ್ಕೇ ಗತಿ. ಆ ಸಾಫ್ಟ್‌ವೇರಿನೊಳಗೆ ಹಾಕಿದ್ದ ಹೆಸರುಗಳನ್ನು ಹೊರಗೆ ತೆಗೆಯಲೂ ದಾರಿ ಇರಲಿಲ್ಲ. ನಾನೂ ನನ್ನ ಹೆಂಡತಿಯೂ ಎರಡು ರಾತ್ರಿ ಕೂತು ಕೈಯಲ್ಲಿ ಬರೆದುಕೊಂಡೆವು.

ಅದಕ್ಕೇ ಈಗ ಯಾರು ಕೇಳಿದರೂ ನಾನು ಹೇಳುವುದು, ಮೊದಲು ಹತ್ತು ಹೆಸರು ಹಾಕಿ, ಎಕ್ಸೆಲ್ ಆಗಿ ವಾಪಸ್ ತೆಗೆದು ನೋಡಿ. ಬರಲಿಲ್ಲವೋ, ಕೈಮುಗಿದು ಕಳಿಸಿಬಿಡಿ.

ಶುರುವಿನಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಹಾಕಿಕೊಳ್ಳಿ. 2018ರಲ್ಲಿ ಬಂದದ್ದು, ಪುಕ್ಕಟೆ. ‘ಹೊಸಬರು’, ‘ಬಾಕಿ’ ಅಂತ ಲೇಬಲ್ ಹಚ್ಚಬಹುದು. ಆದರೆ ಲೇಬಲ್ಲಿಗೆ ತಾರೀಖಿನ ಲೆಕ್ಕ ಗೊತ್ತಿಲ್ಲ. ಜೊತೆಗೊಂದು ಗೂಗಲ್ ಶೀಟ್ ಇಡಿ: ಹೆಸರು, ಬಡಾವಣೆ, ಫೋನು, ಮುಂದಿನ ಸರ್ವಿಸ್ ತಾರೀಖು. ತಾರೀಖಿನ ಪ್ರಕಾರ ಜೋಡಿಸಿದರೆ ಇವತ್ತು ಯಾರಿಗೆ ಫೋನ್ ಮಾಡಬೇಕೋ ಅವರು ಮೇಲೆ ಬಂದು ಕೂರುತ್ತಾರೆ. ಮುನ್ನೂರು ಮನೆಯಾಗುವವರೆಗೆ ನಮಗೆ ಇಷ್ಟೇ ಸಾಕಾಯಿತು.

ಇಬ್ಬರು ಹುಡುಗರು ಒಂದೇ ದಿನ ಒಂದೇ ಮನೆಯ ಬಾಗಿಲು ತಟ್ಟಿದರು ನೋಡಿ, ಆಗ ಶೀಟ್ ಸಾಲದು ಅನ್ನಿಸಿತು. ಚೆನ್ನೈ ಕಂಪನಿಯ ಜೋಹೊ ಸಿಆರ್‌ಎಂ ಮೂವರು ಬಳಸುವವರೆಗೆ ಪುಕ್ಕಟೆ ಸಿಗುತ್ತದೆ. ಅಂಥದ್ದರಲ್ಲಿ ಕೈ ಪಳಗಿಸಿಕೊಳ್ಳಬಹುದು. ದುಡ್ಡು ಕೊಟ್ಟು ಕೊಳ್ಳುವಾಗ ಒಂದು ಎಚ್ಚರ. ಹೇಳುವ ದರ ಸಾಮಾನ್ಯವಾಗಿ ಒಬ್ಬರಿಗೆ, ಒಂದು ತಿಂಗಳಿಗೆ. ಮೂವರಿದ್ದರೆ ಮೂರರಷ್ಟು, ಅದರ ಮೇಲೆ ಶೇ. 18 ಜಿಎಸ್‌ಟಿ. ವರ್ಷದ್ದನ್ನು ಕೂಡಿಸಿಯೇ ಮಾತಿಗೆ ಕೂರಿ.

ಈ ಸಲ ಆರಿಸಿದವನು ನಾನಲ್ಲ, ಆ ಸರ್ವಿಸ್ ಹುಡುಗ. ಮೂರು ಆ್ಯಪ್ ಅವನ ಮೊಬೈಲಿಗೆ ಹಾಕಿ ಒಂದೊಂದು ವಾರ ಬಿಟ್ಟೆ. ಗಾಡಿ ಸ್ಟಾರ್ಟ್ ಮಾಡುವಷ್ಟರಲ್ಲಿ ತುಂಬಿ ಮುಗಿಸಬಹುದಾದದ್ದನ್ನು ಇಟ್ಟುಕೊಂಡ. ನಾಳೆ ಕ್ಯಾತ್ಸಂದ್ರದ ಮೇಷ್ಟ್ರ ಮನೆ ಕ್ಯಾಂಡಲ್ ಬದಲಿಸಬೇಕು ಅಂತ ಈಗಷ್ಟೇ ತೋರಿಸಿತು. ಫೋನ್ ಮಾಡಬೇಕು, ಬರುತ್ತೇನೆ. ನಮಸ್ಕಾರ.