ಪಾವು ಮಕ್ಕಳ ಕೈಗೆ ಕೊಡಿ

ನಮಸ್ಕಾರ. ಈ ಹೊತ್ತಿಗೆ ನೀವು ತಿಂಡಿ ಮುಗಿಸಿ ಮಧ್ಯಾಹ್ನದ ಸಾರಿಗೆ ಬೇಳೆ ಇಟ್ಟಿರಬಹುದು. ಕುಕ್ಕರ್ ಕೂಗಲಿ, ರೇಡಿಯೊ ಸ್ವಲ್ಪ ಜೋರು ಮಾಡಿಕೊಳ್ಳಿ.

ನನ್ನ ಇಬ್ಬರು ಮಕ್ಕಳಿಗೆ ನಾನು ಮನೆಯಲ್ಲೇ ಪಾಠ ಹೇಳಿಕೊಡುತ್ತೇನೆ. ಎಲ್ಲಿ ಹೋದರೂ ಒಂದೇ ಪ್ರಶ್ನೆ. "ಅಡುಗೆ, ಬಟ್ಟೆ, ಪಾತ್ರೆ, ಅದರ ಮೇಲೆ ಪಾಠ ಬೇರೆ. ಹೇಗೆ ನಿಭಾಯಿಸ್ತೀರಿ? ನಿಮ್ಮ ಟೈಮ್‌ಟೇಬಲ್ ಇದ್ರೆ ಕೊಡಿ." ಟೈಮ್‌ಟೇಬಲ್ ಬೇಡ ತಾಯಂದಿರೇ. ಮಕ್ಕಳನ್ನು ಅಡುಗೆಮನೆಯಿಂದ ಓಡಿಸಬೇಡಿ, ಅಷ್ಟೇ. "ಕೈಕಾಲಿಗೆ ಅಡ್ಡ ಬರಬೇಡ, ಹೋಗಿ ಓದ್ಕೋ" ಅಂತ ಅಟ್ಟುತ್ತೇವಲ್ಲ, ಅದನ್ನು ಬಿಡಿ.

ಹೋದ ಚಳಿಗಾಲದ ಒಂದು ಸಂಗತಿ ಹೇಳುತ್ತೇನೆ. ಮನೆಗೆ ನೆಂಟರು ಬರುವವರಿದ್ದರು. ಬೆಳಗ್ಗೆಗೆ ಇಡ್ಲಿ. ನಮ್ಮ ಮನೆ ಅಳತೆ ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದು. ಜನ ಜಾಸ್ತಿ, ನಾಲ್ಕು ಪಾವು ಅಕ್ಕಿ ಹಾಕೋಣ ಅಂದೆ. ಒಂಬತ್ತು ವರ್ಷದ ಮಗಳು ಪಾವು ಹಿಡಿದು ನಿಂತಳು. "ಹಾಗಾದ್ರೆ ಉದ್ದು ಎಷ್ಟಮ್ಮ?"

ನಾನು ಬಾಯಿ ಬಿಡಲಿಲ್ಲ. ನಮ್ಮತ್ತೆ, "ಒಂದು ಪಾವು, ಮೇಲೊಂದು ಹಿಡಿ ಹಾಕು ಪುಟ್ಟಿ" ಅಂದರು. ಯಾರ ಹಿಡಿ? ಅವಳದೋ ಅಜ್ಜಿಯದೋ? ಮಗಳು ಒಪ್ಪಲಿಲ್ಲ. ಅರೆಪಾವು, ಚಟಾಕು ಎಲ್ಲ ತೆಗೆದು ಸಾಲಾಗಿ ಇಟ್ಟಳು. ಪಾವಿನ ಅರ್ಧ ಅರೆಪಾವು, ಅದರರ್ಧ ಚಟಾಕು. ಎಲ್ಲವೂ ಅರ್ಧ, ಅರ್ಧ. ಅವಳಿಗೆ ಬೇಕಿದ್ದದ್ದು ಮೂರರಲ್ಲಿ ಒಂದು ಪಾಲು. ಅದು ಯಾವ ಅಳತೆಯಲ್ಲೂ ಸಿಗಲಿಲ್ಲ.

ಆಮೇಲೆ ಮೊರದ ಮೇಲೆ ಒಂದು ಪಾವು ಉದ್ದು ಸುರಿದು ಮೂರು ಗುಡ್ಡೆ ಮಾಡಿದಳು. ಒಂದೊಂದೇ ಗುಡ್ಡೆಯನ್ನು ಕಾಫಿ ಲೋಟಕ್ಕೆ ತುಂಬಿ ನೋಡುವುದು, ಹೆಚ್ಚಿದ್ದಲ್ಲಿಂದ ಚಿಟಿಕೆ ತೆಗೆದು ಕಡಿಮೆ ಇದ್ದಲ್ಲಿಗೆ ಹಾಕುವುದು. ಮೂರೂ ಸಮ ಆಗುವವರೆಗೆ ಏಳಲಿಲ್ಲ. ಕೊನೆಗೆ ಒಂದು ಗುಡ್ಡೆಯನ್ನು ಅಜ್ಜಿಯ ಅಂಗೈಗೆ ಸುರಿದಳು. ಹಿಡಿ ಸರಿಯಾಗಿ ತುಂಬಿತು! ಅಜ್ಜಿ ನಕ್ಕಿದ್ದೇ ನಕ್ಕಿದ್ದು. ಭಿನ್ನರಾಶಿಯ ಪಾಠ ಇದಕ್ಕಿಂತ ಚೆನ್ನಾಗಿ ಯಾವ ಬೋರ್ಡಿನ ಮೇಲೆ ಆಗುತ್ತೆ, ಹೇಳಿ?

ರುಬ್ಬಿದ ಮೇಲೆ ಇನ್ನೊಂದು ತಕರಾರು. ಚಳಿಗೆ ಹಿಟ್ಟು ಹುಳಿ ಬರಲ್ಲ ಅಲ್ವಾ? ಅದನ್ನೂ ನೋಡೇಬಿಡೋಣ ಅಂತ ಹಿಟ್ಟನ್ನು ಎರಡು ಪಾತ್ರೆಗೆ ಹಾಕಿದೆವು. ಒಂದನ್ನು ಹಾಗೇ ಕಟ್ಟೆಯ ಮೇಲೆ ಬಿಟ್ಟೆವು. ಇನ್ನೊಂದನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು ಹಳೇ ಕಂಬಳಿ ಸುತ್ತಿದೆವು. ಹಿಟ್ಟು ಎಲ್ಲಿವರೆಗಿದೆ ಅಂತ ಪಾತ್ರೆಗೆ ದಾರ ಕಟ್ಟಿದವನು ಆರು ವರ್ಷದ ಮಗ. ಬೆಳಗ್ಗೆ ಹಲ್ಲುಜ್ಜುವ ಮೊದಲೇ ಇಬ್ಬರೂ ಪಾತ್ರೆಗಳ ಮುಂದೆ ಹಾಜರು. ಕಂಬಳಿಯ ಪಾತ್ರೆಯಲ್ಲಿ ಹಿಟ್ಟು ದಾರ ದಾಟಿ ಮುಚ್ಚಳಕ್ಕೆ ತಾಗಿತ್ತು. ಕಟ್ಟೆಯ ಮೇಲಿನದು ದಾರದ ಹತ್ತಿರವೇ ಇತ್ತು. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ಅವು ಬಿಡುವ ಗಾಳಿ, ಅವಕ್ಕೆ ಬೇಕಾದ ಬೆಚ್ಚನೆ, ಎಲ್ಲ ಅಲ್ಲೇ ನಿಂತು ಮಾತಾಡಿದೆವು.

ಸಮಯ ಆಗುತ್ತಾ ಬಂತು ಅಂತ ಸನ್ನೆ ಮಾಡುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಕರೆಂಟ್ ಮೀಟರನ್ನೂ ಮಕ್ಕಳೇ ನೋಡಲಿ. 2000 ವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಇದು ತಿಳಿದ ಮೇಲೆ ಗೀಸರ್ ಆರಿಸು ಅಂತ ನಾನು ಕೂಗುವುದು ತಪ್ಪಿದೆ.

"ಮುಂದೆ ಪರೀಕ್ಷೆಗೆ ಏನ್ಮಾಡ್ತೀರಿ?" ಅಂತ ಕೇಳಿ ಕೇಳಿ ಸಾಕಾಗಿದೆ. ಕೇಂದ್ರ ಸರ್ಕಾರದ ಮುಕ್ತ ಶಾಲೆ ಇದೆ, ಎನ್‌ಐಒಎಸ್. 1989ರಿಂದ ಇದೆ. 14 ತುಂಬಿದವರು ಅಲ್ಲಿ ಹತ್ತನೇ ತರಗತಿಗೆ ಸೇರಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಯುತ್ತದೆ. ಅದಕ್ಕೆ ಈಗಿನಿಂದಲೇ ಚಿಂತೆ ಯಾಕೆ?

ನಿಮ್ಮ ಮಕ್ಕಳು ಸ್ಕೂಲಿಗೆ ಹೋಗುತ್ತಾರಾ? ಹೋಗಲಿ. ಅವರಿಗೂ ಇದೇ ಮಾತು, ಅಡುಗೆಮನೆಯಿಂದ ಓಡಿಸಬೇಡಿ. ಇವತ್ತು ರಾತ್ರಿಯ ಅನ್ನಕ್ಕೆ ಅಕ್ಕಿ ಅಳೆಯುವುದು ಅವರೇ ಆಗಲಿ. ಚೆಲ್ಲಿದರೆ ಚೆಲ್ಲಲಿ, ಆರಿಸುವುದೂ ಅವರೇ. ನಮಸ್ಕಾರ.